ಬ್ಯಾನರಿನ ಬೆನ್ನು

ನನ್ನ ಶಾಲೆ ಏಳನೇ ಕ್ಲಾಸಿಗೆ ಮುಗಿಯಿತು. ಆದರೆ ಒಂದು ಕಾಲದಲ್ಲಿ ಹಲಸೂರಿನಿಂದ ಕೆ.ಆರ್. ಪುರದವರೆಗೆ ಬಸ್ಸಿನಲ್ಲಿ ಹೋಗುವವರು ನನ್ನ ಅಕ್ಷರ ಓದದೆ ಇಳಿಯುವಂತಿರಲಿಲ್ಲ. ಹಲಸೂರಿನ ಪಾತ್ರೆ ಅಂಗಡಿಯ ತಮಿಳು ನನ್ನದು, ಶಿವಾಜಿನಗರದ ಅತ್ತರಿನ ಅಂಗಡಿಯ ಉರ್ದು ನನ್ನದು, ಇಂದಿರಾನಗರದ ಹಲ್ಲಿನ ಡಾಕ್ಟರ ಇಂಗ್ಲಿಷ್ ನನ್ನದು. ಉರ್ದು ಓದಲು ಇವತ್ತಿಗೂ ಬರುವುದಿಲ್ಲ. ಬರೆಯಲು ಮಾತ್ರ ಕೈ ನಡುಗುವುದಿಲ್ಲ. ಇದನ್ನು ಜಂಬ ಅಂದರೆ ಅನ್ನಿ. ಕೈಯಲ್ಲಿ ಕಸುಬಿದ್ದವನಿಗೆ ಅಷ್ಟು ಜಂಬ ಇರಬೇಕು.

ಬೋರ್ಡು ಬರೆಯುವುದು ಒಂದು ಕೆಲಸ, ಬಟ್ಟೆಯ ಬ್ಯಾನರ್ ಬರೆಯುವುದು ಇನ್ನೊಂದು. ಬೋರ್ಡಿನಲ್ಲಿ ತಪ್ಪಾದರೆ ಒರೆಸಬಹುದು. ಬಟ್ಟೆ ಬಣ್ಣ ಕುಡಿದರೆ ಮುಗಿಯಿತು, ಒಗೆದರೂ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸ, ಬೋರ್ಡು ನಿಂತಿರುತ್ತದೆ, ಬ್ಯಾನರು ನಡೆಯುತ್ತದೆ. ಮೆರವಣಿಗೆಯಲ್ಲಿ ಇಬ್ಬರು ಎರಡು ಬಿದಿರುಗಳ ಮೇಲೆ ಅದನ್ನು ಎತ್ತಿ ಹಿಡಿದಿರುತ್ತಾರೆ. ಮುಖಂಡರಾದವರು ಅದರ ಮುಂದೆ ಸಾಲಾಗಿ ನಡೆಯುತ್ತಾರೆ, ಫೋಟೊದಲ್ಲಿ ಬೀಳಬೇಕಲ್ಲ. ಅವರ ತಲೆಗಳು ಕೆಳಗಿನ ಸಾಲುಗಳನ್ನು ಮುಚ್ಚಿಬಿಡುತ್ತವೆ. ಎಷ್ಟೇ ಬೇಡಿಕೆ ಬರೆಸಿರಲಿ, ರಸ್ತೆಯ ಜನ ಓದುವುದು ಮೇಲಿನ ಸಾಲನ್ನು ಮಾತ್ರ. ಎಷ್ಟೋ ಸಂಘಗಳಿಗೆ ಎಷ್ಟೋ ಬ್ಯಾನರ್ ಬರೆದು ನಾನು ಕಲಿತ ಪಾಠ ಇದು. ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಅವಳು ಆಗ ಕೆ.ಆರ್. ಪುರದ ಕಡೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಟೈಲರ್. ಅವಳ ಬ್ಯಾಚಿನಲ್ಲಿ ನಲವತ್ತು ಹೆಂಗಸರು. ಆ ನಲವತ್ತು ಜನಕ್ಕೆ ಒಂದೇ ಒಂದು ಟೋಕನ್. ಅಂಗೈಯಗಲದ ಮರದ ಬಿಲ್ಲೆ, ಮೇಲೆ ಕೆಂಪು ಬಣ್ಣದಲ್ಲಿ ಬ್ಯಾಚಿನ ನಂಬರು. ಸೂಪರ್‌ವೈಸರ್ ಮೇಜಿನ ಪಕ್ಕದ ಮೊಳೆಯಲ್ಲಿ ಅದು ನೇತಾಡುತ್ತಿರಬೇಕು. ಶೌಚಾಲಯಕ್ಕೆ ಹೋಗಬೇಕಾದವಳು ಅದನ್ನು ತೆಗೆದುಕೊಂಡು ಹೋಗಬೇಕು. ಅವಳು ವಾಪಸ್ ತಂದು ಹಾಕುವವರೆಗೆ ಇನ್ನೊಬ್ಬಳು ಏಳುವ ಹಾಗಿಲ್ಲ. ಅದಕ್ಕೇ ನನ್ನ ಹೆಂಡತಿ ಬೆಳಿಗ್ಗೆ ಕಾಫಿ ಬಿಟ್ಟಳು, ಆಮೇಲೆ ನೀರು ಬಿಟ್ಟಳು. ಬೇಸಿಗೆಯಲ್ಲೂ ಮಧ್ಯಾಹ್ನದವರೆಗೆ ಒಂದು ಗುಟುಕು ಕುಡಿಯುತ್ತಿರಲಿಲ್ಲ. ಉರಿಮೂತ್ರ ಶುರುವಾಯಿತು, ಜ್ವರ ಬರತೊಡಗಿತು. ಹಲಸೂರಿನ ಡಾಕ್ಟರಮ್ಮ ನೋಡಿ, "ಔಷಧಿ ಎಷ್ಟ್ ಸಲ ಕೊಡ್ಲಮ್ಮಾ? ನೀರು ಕುಡೀಬೇಕು. ಹಿಂಗೇ ಇದ್ರೆ ಕಿಡ್ನಿಗೆ ಬರುತ್ತೆ" ಅಂದರು. ಆಚೆ ಬಂದ ಮೇಲೆ ಇವಳು ನನಗೆ ಅಂದಳು: "ಅವರಿಗೇನ್ರೀ, ಅವರ ಬಾತ್‌ರೂಮಿಗೆ ಬೀಗದ ಕೈ ಅವರ ಹತ್ರಾನೇ ಇರುತ್ತೆ."

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೆಂಗಸರ ಚಳವಳಿಯವರು ಮೊದಲು ಯಾವುದನ್ನು ಕೇಳಬೇಕು ಎಂಬ ಜಗಳ ಆಗ ಪತ್ರಿಕೆಯ ಓದುಗರ ಪತ್ರಗಳಲ್ಲಿ ಜೋರಾಗಿ ನಡೆಯುತ್ತಿತ್ತು. ಒಬ್ಬರು ಶಾಸನಸಭೆಯಲ್ಲಿ ಮೀಸಲಾತಿ ಅಂದರೆ, ಇನ್ನೊಬ್ಬರು ವರದಕ್ಷಿಣೆ, ಮತ್ತೊಬ್ಬರು ಸಿನಿಮಾ ಪೋಸ್ಟರುಗಳ ಅಸಹ್ಯ. ನನ್ನ ಅಂಗಡಿ ಎದುರಿನ ಟೀ ಅಂಗಡಿಯವನು ಪತ್ರಿಕೆ ಮಡಿಚಿ, "ಇವರೇ ಮೊದ್ಲು ಒಂದು ಮಾತಿಗೆ ಬರ್ಲಿ ಗುರು, ಆಮೇಲೆ ನಾವು ಕೊಡೋಣ" ಅಂದು ನಗುತ್ತಿದ್ದ. ನಾವು ಗಂಡಸರು ಯಾವತ್ತು ಒಂದು ಮಾತಿಗೆ ಬಂದಿದ್ದೇವೆ, ನಮಗೆ ಎಷ್ಟು ಪಾರ್ಟಿ, ಅಷ್ಟಕ್ಕೂ ಬ್ಯಾನರ್ ಬರೆದವನು ನಾನೇ ಅಲ್ಲವೇ ಅಂದೆ. ಅವನು ಮಡಿಚಿದ ಪತ್ರಿಕೆಯನ್ನು ಮತ್ತೆ ಬಿಡಿಸಿದ.

ನಮ್ಮ ಕಡೆಯ ನಾಲ್ಕಾರು ಮಹಿಳಾ ಗುಂಪುಗಳು ಸೇರಿ ಒಂದು ಮೆರವಣಿಗೆ ಮಾಡುವುದೆಂದಾಯಿತು. ಹಲಸೂರು ಕೆರೆಯಿಂದ ಶಿವಾಜಿನಗರ ಬಸ್ ನಿಲ್ದಾಣದವರೆಗೆ. ಮುಂದಾಳು ಒಬ್ಬ ಕಾಲೇಜು ಲೆಕ್ಚರರ್ ಮೇಡಂ. ಬ್ಯಾನರ್ ಕೆಲಸ ನನಗೆ ಬಂತು. ಮೇಡಂ ಮೂರು ಬೇಡಿಕೆ ಬರೆದ ಚೀಟಿ ಕೊಟ್ಟು, "ಪೇಂಟರ್, ಬಟ್ಟೆ ರೆಡಿ ಮಾಡಿಟ್ಕೊಳ್ಳಿ. ಯಾವುದು ಮೇಲೆ ಅಂತ ಭಾನುವಾರ ಮೀಟಿಂಗಲ್ಲಿ ತೀರ್ಮಾನ ಮಾಡ್ತೀವಿ" ಅಂದರು. ಚೀಟಿಯಲ್ಲಿ ಮೊದಲನೆಯದು ಶಾಸನಸಭೆಯಲ್ಲಿ ಮಹಿಳೆಗೆ ಪಾಲು. ಎರಡನೆಯದು, ಗಂಡ ಬಿಟ್ಟುಹೋದವಳಿಗೆ ಜೀವನಾಂಶ. ಮೂರನೆಯದು ನನ್ನ ಹೆಂಡತಿಯ ಫ್ಯಾಕ್ಟರಿಯವರು ಕೊಟ್ಟಿದ್ದು: ಟೋಕನ್ ಬೇಡ, ಶೌಚಾಲಯ ಬೇಕು.

ಭಾನುವಾರದವರೆಗೆ ಕಾಯಬೇಕಿತ್ತು. ನಾನು ಕಾಯಲಿಲ್ಲ. ಶುಕ್ರವಾರವೇ ಬಟ್ಟೆ ಹರಡಿ, ಸುಣ್ಣದ ದಾರ ಮಿಡಿದು ಗೆರೆ ಹಾಕಿ, ಮೇಲಿನ ಸಾಲಿನಲ್ಲಿ ಮೊಳದೆತ್ತರಕ್ಕೆ ಬರೆದೆ: ಟೋಕನ್ ಬೇಡ, ಶೌಚಾಲಯ ಬೇಕು. ಉಳಿದ ಎರಡನ್ನೂ ಕೆಳಗೆ ಗೇಣುದ್ದಕ್ಕೆ ಬರೆದೆ, ಮೊದಲು ಜೀವನಾಂಶ, ಕೊನೆಗೆ ಮೀಸಲಾತಿ. ಅಂಥ ಕೆಂಪು, ಅಂಥ ಅಂಚು, ಆಮೇಲೆ ನನ್ನ ಕೈಯಿಂದ ಮತ್ತೆ ಬಂದಿಲ್ಲ. ಒಮ್ಮೆ ಬರೆದುಬಿಟ್ಟರೆ ಯಾರು ಏನು ಮಾಡುತ್ತಾರೆ, ನನ್ನ ಹೆಂಡತಿಯ ನೋವಿಗಿಂತ ಯಾವುದು ದೊಡ್ಡದು ಎಂಬ ಲೆಕ್ಕ ನನ್ನದು. ಶನಿವಾರ ಸಾಯಂಕಾಲ ಅವಳು ಬರುವ ಹೊತ್ತಿಗೆ ಅಂಗಡಿಯ ಮುಂದೆ ಹಗ್ಗ ಕಟ್ಟಿ ಒಣಗಲು ಹಾಕಿದ್ದೆ. ಬಸ್ಸಿಳಿದು ಬರುವಾಗಲೇ ಕಾಣಲಿ ಅಂತ.

ಕಂಡಿತು. ಹತ್ತಿರ ಬಂದಳು, ಓದಿದಳು, ಬ್ಯಾಗನ್ನು ಕೆಳಗಿಟ್ಟಳು.

"ಮೀಟಿಂಗ್ ಆಯ್ತಾ?"

"ನಾಳೆ."

"ಮತ್ತೆ ಇದನ್ನ ಯಾರು ಹೇಳಿದ್ರು ಬರೀರಿ ಅಂತ?"

"ಯಾರ್ ಹೇಳ್ಬೇಕೇ? ನಿನಗೋಸ್ಕರ ಬರೆದೆ."

"ನನಗೋಸ್ಕರ!" ಅಂದಳು. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ. "ಅಲ್ರೀ, ಫ್ಯಾಕ್ಟರೀಲಿ ನಾನು ಯಾವಾಗ ಏಳ್ಬೇಕು ಅಂತ ಸೂಪರ್‌ವೈಸರ್ ಹೇಳ್ತಾನೆ. ನಮ್ಮ ಮೆರವಣಿಗೇಲಿ ಯಾವ ಮಾತು ಮೊದ್ಲು ಅಂತ ನೀವು ಹೇಳ್ತೀರ. ನಾವು ಹೆಂಗಸರು ಜಗಳ ಆಡೋಕೂ ಬಿಡಲ್ವಾ ನೀವು? ಜೀವನಾಂಶ ಕೇಳ್ತಿರೋ ಆ ಶಿವಾಜಿನಗರದ ಖಾಲಾ ಇದನ್ನ ನೋಡಿದ್ರೆ ನನ್ನ ಮುಖಕ್ಕೆ ಏನಂತಾರೆ? ಗಂಡನ ಕೈಲಿ ಕುಂಚ ಇದೆ ಅಂತ ಇವಳು ಮೇಲೆ ಹತ್ತಿದಳು ಅನ್ನಲ್ವಾ?"

"ಈಗ ಅಳಿಸೋಕಾಗಲ್ಲ ಕಣೇ, ಬಟ್ಟೆ."

"ಹಂಗಾದ್ರೆ ಬೇರೆ ಬಟ್ಟೆ ತನ್ನಿ."

ಎದುರು ಅಂಗಡಿಯಿಂದ ಟೀ ಅಂಗಡಿಯವನು ಕೂಗಿದ: "ಗುರು, ನಿನ್ನ ಸಾಲು ಕೆಳಕ್ಕೆ ಬಂತು!"

ನನಗೆ ಸಿಟ್ಟು ಬಂದಿದ್ದು ನಿಜ. ಆದರೆ ಅವಳು ಹೇಳಿದ್ದೂ ನಿಜ. ಬಟ್ಟೆ ಮಡಿಚಿ ಒಳಗಿಟ್ಟೆ. ಹೊಸ ಬಟ್ಟೆ ತಂದೆ.

ಮಾರನೆಯ ದಿನ ಕುಕ್ ಟೌನಿನ ಹಳೆಯ ಬಂಗಲೆಯೊಂದರ ವರಾಂಡದಲ್ಲಿ ಮೀಟಿಂಗು. ಇಪ್ಪತ್ತೈದು ಹೆಂಗಸರ ನಡುವೆ ನಾನೊಬ್ಬನೇ ಗಂಡಸು; ಖಾಲಿ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಬಾಯಿ ಬಿಡಬಾರದೆಂದು ಹೆಂಡತಿಯ ಆಜ್ಞೆಯಾಗಿತ್ತು. ಅವಳ ಫ್ಯಾಕ್ಟರಿಯವರು ಅವಳೂ ಸೇರಿ ಮೂವರೇ ಬಂದಿದ್ದರು. ಆ ಭಾನುವಾರ ಉಳಿದವರಿಗೆ ಓವರ್‌ಟೈಮ್ ಹಾಕಿದ್ದರು.

ಮೇಡಂ ಮೊದಲು ಮಾತಾಡಿದರು. ಅವರದು ಖಾಲಿ ಮಾತಲ್ಲ, ಅದನ್ನು ನಾನು ಇವತ್ತಿಗೂ ಒಪ್ಪುತ್ತೇನೆ. "ಒಂದು ಫ್ಯಾಕ್ಟರೀಲಿ ಟೋಕನ್ ತೆಗೆಸಿದ್ರೆ ಇನ್ನೊಂದು ಫ್ಯಾಕ್ಟರೀಲಿ ಹಾಕ್ತಾರೆ. ಒಂದೊಂದೇ ಬಾಗಿಲು ತಟ್ತಾ ಎಷ್ಟು ವರ್ಷ ಓಡಾಡ್ತೀರಿ? ಕಾನೂನು ಮಾಡೋ ಕಡೆ ನಾವು ಕೂತಿದ್ರೆ ಎಲ್ಲಾ ಬಾಗಿಲೂ ಒಟ್ಟಿಗೆ ತೆರೆಯುತ್ತೆ. ಅದಕ್ಕೇ ಮೊದಲು ಅಧಿಕಾರ."

ಶಿವಾಜಿನಗರದಲ್ಲಿ ಮನೆಯಲ್ಲೇ ಊದಿನಕಡ್ಡಿ ಹೊಸೆಯುತ್ತಿದ್ದ ಮುದುಕಿಯೊಬ್ಬರು, ಎಲ್ಲರೂ ಖಾಲಾ ಎಂದೇ ಕರೆಯುತ್ತಿದ್ದವರು, ಗೋಡೆಗೊರಗಿ ಕೂತಿದ್ದರು. "ಪೇಟ್ ಕಾ ಸವಾಲ್ ಹೈ, ಅಮ್ಮಾ" ಅಂದರು. "ನನ್ ಮಗಳಿಗೆ ಎರಡು ಮಕ್ಳು. ಅವನು ಬಿಟ್ಟು ಹೋದ. ಬರ್ಲಿ ನಿಮ್ ವಿಧಾನಸೌಧ, ಬೇಡ ಅನ್ನಲ್ಲ. ಅದು ಬರೋ ತನಕ ಆ ಮಕ್ಳು ಏನ್ ತಿನ್ನೋದು?"

ಆಮೇಲೆ ನನ್ನ ಹೆಂಡತಿ ಎದ್ದಳು. ಕೈಯಲ್ಲಿ ಸೆರಗಿನ ತುದಿ ಹಿಡಿದಿದ್ದಳು. "ನಾನು ಓದಿದವಳಲ್ಲ ಮೇಡಂ. ಖಾಲಾ ಹೇಳಿದ್ದು ಹೊಟ್ಟೆ ವಿಷಯ. ನಂದು ಹೊಟ್ಟೆಗಿಂತ ಒಂದು ಗೇಣು ಕೆಳಗಿಂದು, ಅದಕ್ಕೇ ಯಾರೂ ಬಾಯಿ ಬಿಟ್ಟು ಹೇಳಲ್ಲ." ಹೆಂಗಸರು ನಕ್ಕುಬಿಟ್ಟರು, ಖಾಲಾ ಎಲ್ಲರಿಗಿಂತ ಜೋರಾಗಿ. ಅವಳು ನಗಲಿಲ್ಲ. "ಬೆಳಿಗ್ಗೆ ಹೊತ್ತು ನೀರು ಕುಡಿದು ಎಷ್ಟು ದಿನ ಆಯ್ತು ಅಂತ ಲೆಕ್ಕ ಇಟ್ಟಿದ್ದೀನಿ ನಾನು" ಎಂದು ಕೂತಳು.

ಅರ್ಧ ದಿನ ವಾದ ನಡೆಯಿತು. ಪೋಸ್ಟರುಗಳ ವಿಷಯವನ್ನೂ ಸೇರಿಸಿ ಎಂದು ಒಬ್ಬ ಕಾಲೇಜು ಹುಡುಗಿ ಹಟ ಹಿಡಿದಳು. ಎಲ್ಲವನ್ನೂ ಒಂದೇ ಅಳತೆಯಲ್ಲಿ ಬರೆಸೋಣ ಎಂದು ಇನ್ನಾರೋ ಅಂದರು. ಹಾಗೆ ಮಾಡಿದರೆ ಯಾವುದೂ ಕಾಣುವುದಿಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂತು. ಹೆಂಡತಿ ನನ್ನ ಕಡೆ ನೋಡಿದಳು, ನುಂಗಿಕೊಂಡೆ. ಕೊನೆಗೆ ಕೈ ಎತ್ತಿಸಿದರು. ಮೀಸಲಾತಿ ಮೇಲೆ, ಜೀವನಾಂಶ ಎರಡನೆಯದು, ಟೋಕನ್ನು ಮೂರನೆಯ ಸಾಲು. ನನ್ನ ಹೆಂಡತಿ ಸೋತಿದ್ದಳು. ಓವರ್‌ಟೈಮಿಗೆ ಹೋದವರು ಬಂದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು ಎಂದು ನನಗೆ ಅನಿಸಿತು. ಅವಳು ಅದನ್ನು ಎತ್ತಲೇ ಇಲ್ಲ. ಬೇರೆಯದೇ ಒಂದು ಕೇಳಿದಳು.

"ಮೂರನೇ ಸಾಲು ಬೇಡ ಮೇಡಂ. ಅದು ನಿಮ್ಮ ತಲೆಗಳ ಹಿಂದೆ ಹೋಗಿಬಿಡುತ್ತೆ. ಮುಂದುಗಡೆ ಪೂರ್ತಿ ನೀವೇ ಇಟ್ಕೊಳ್ಳಿ. ಹಿಂದುಗಡೆ ನಮಗೆ ಕೊಡಿ."

"ಯಾವುದರ ಹಿಂದುಗಡೆ?"

"ಬ್ಯಾನರಿಂದು."

ಮೇಡಂ ನಕ್ಕರು. "ಬ್ಯಾನರಿನ ಬೆನ್ನನ್ನ ಯಾರಮ್ಮಾ ಓದ್ತಾರೆ? ತಗೊಳ್ಳಿ." ಎಲ್ಲರೂ ಕೈ ಎತ್ತಿದರು. ಖಾಲಾ ಎರಡೂ ಕೈ ಎತ್ತಿದರು.

ನಾನು ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದೆ, ನಗು ಕಾಣಬಾರದೆಂದು. ಊಟದ ಹೊತ್ತಿನ ನನ್ನ ಪಾಠವನ್ನು ಅವಳು ನನಗಿಂತ ಮುಂದಕ್ಕೆ ಓದಿಕೊಂಡಿದ್ದಳು. ಮುಖಂಡರು ಬ್ಯಾನರಿನ ಮುಂದೆ ನಡೆಯುತ್ತಾರೆ. ಆದರೆ ಮೆರವಣಿಗೆಯ ಎಲ್ಲ ಜನ ನಡೆಯುವುದು ಅದರ ಹಿಂದೆ. ಅಷ್ಟು ದೂರವೂ ಅವರ ಕಣ್ಣೆದುರು ಇರುವುದು ಬ್ಯಾನರಿನ ಬೆನ್ನು. ಇಷ್ಟು ವರ್ಷ ಬ್ಯಾನರ್ ಬರೆದ ನನಗೆ ಅದು ಹೊಳೆದಿರಲಿಲ್ಲ.

ಒಂದೇ ಬಟ್ಟೆಯ ಎರಡೂ ಕಡೆ ಬರೆದರೆ ಬಣ್ಣ ಆಚೆಗೆ ಇಳಿದು ಅಕ್ಷರ ಒಂದರ ಮೇಲೊಂದು ಬೀಳುತ್ತದೆ. ಬೆನ್ನಿಗೆ ಬೇರೆ ಬಟ್ಟೆಯೇ ಬೇಕು. ಅದು ಅಂಗಡಿಯಲ್ಲೇ ಇತ್ತು, ನಾನು ಬುದ್ಧಿಗೆಟ್ಟು ಬರೆದಿದ್ದ ಬಟ್ಟೆ. ನಾನು ಮುಂಬದಿಯನ್ನು ಮೀಟಿಂಗಿನ ತೀರ್ಮಾನದಂತೆ, ಒಂದು ಅಕ್ಷರ ಹೆಚ್ಚು ಕಡಿಮೆಯಾಗದಂತೆ ಬರೆದೆ. ಅದು ಒಣಗಿದ ಮೇಲೆ ಹೆಂಡತಿಯೂ ಅವಳ ಬ್ಯಾಚಿನ ಇಬ್ಬರೂ ಎರಡು ಬಟ್ಟೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ಅವಳ ಕಾಲು ಮಷೀನಿನಲ್ಲಿ ಹೊಲಿಯಲು ಕೂತರು. ಇಬ್ಬರಲ್ಲಿ ಒಬ್ಬಳು ಕತ್ತರಿ ತೆಗೆದು, "ಅಕ್ಕಾ, ಕೆಳಗಡೆ ಅವರ ಎರಡು ಸಾಲಿದೆ. ಕತ್ತರಿಸಿ ಬಿಸಾಕ್ಲಾ?" ಅಂದಳು.

"ಬೇಡ. ಇರ್ಲಿ" ಅಂದಳು ಇವಳು. "ನಮ್ಮ ಬಟ್ಟೇಲಿ ಅವರಿಗೂ ಜಾಗ ಇರ್ಲಿ."

ಗಾಳಿಗೆ ಹರಿಯದಂತೆ ಅಲ್ಲಲ್ಲಿ ಅರ್ಧಚಂದ್ರದ ತೂತು ಕತ್ತರಿಸುವುದು ನಮ್ಮ ಪದ್ಧತಿ. ಆ ತೂತುಗಳ ಅಂಚಿಗೆಲ್ಲ ಅವರು ಕಾಜಾ ಹೊಲಿಗೆ ಹಾಕಿದರು, ಅಂಗಿಯ ಗುಂಡಿಯ ತೂತಿಗೆ ಹಾಕುವ ಹಾಗೆ. ಅಂಥ ಹೊಲಿಗೆಯ ಬ್ಯಾನರು ಈ ಊರಿನಲ್ಲಿ ಇನ್ನೊಂದು ನಡೆದಿಲ್ಲ, ನಾನು ಬರೆದುಕೊಡುತ್ತೇನೆ. ಎರಡು ಬಟ್ಟೆ ಸೇರಿ ಭಾರವಾಯಿತು, ಎತ್ತುವುದು ಕಷ್ಟ ಅಂದೆ. "ದಿನಾ ಬಂಡಲ್ ಎತ್ತೋರು ನಾವು, ಸುಮ್ನಿರಿ ಅಣ್ಣಾ" ಅಂದಳು ಕತ್ತರಿಯವಳು.

ಮುಂದಿನ ಭಾನುವಾರ ಕೆರೆಯ ಹತ್ತಿರದಿಂದ ಮೆರವಣಿಗೆ ಹೊರಟಿತು. ಈ ಸಲ ಫ್ಯಾಕ್ಟರಿಗೆ ರಜೆ. ಅವಳ ಬ್ಯಾಚಿನವರು ಮಕ್ಕಳನ್ನೂ ಕಟ್ಟಿಕೊಂಡು ಬಂದಿದ್ದರು. ಬಿದಿರುಗಳನ್ನು ಅವರೇ ಹಿಡಿದರು. ಮೇಡಂ ಮತ್ತು ಮುಖಂಡರು ಮುಂದೆ ನಡೆದರು, ಫೋಟೊದವರು ಅವರ ಮುಂದೆ ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರು. ನಾನು ಸೂಜಿ ದಾರ ಜೇಬಿನಲ್ಲಿಟ್ಟುಕೊಂಡು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದೆ.

ಘೋಷಣೆ ಕೂಗುವ ಕೆಲಸ ಪೋಸ್ಟರಿನ ಹಟ ಹಿಡಿದಿದ್ದ ಕಾಲೇಜು ಹುಡುಗಿಯದು. ಕೆನ್ಸಿಂಗ್ಟನ್ ರಸ್ತೆ ಮುಗಿಯುವವರೆಗೆ ಮೇಡಂ ಬರೆದುಕೊಟ್ಟ ಘೋಷಣೆಗಳನ್ನು ಕಾಗದ ನೋಡಿ ಕೂಗಿದಳು. ಬಿಸಿಲು ಏರಿತು. ಕಾಗದ ಬೆವರಿಗೆ ಒದ್ದೆಯಾಯಿತು. ಆ ಸಾಲುಗಳೂ ಉದ್ದ, ಹಿಂದಿನವರು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಹುಡುಗಿ ತಲೆ ಎತ್ತಿದಳು. ಕಣ್ಣೆದುರು ಮೊಳದೆತ್ತರದ ಕೆಂಪಕ್ಷರ.

"ಬೇಡ ಬೇಡ!" ಎಂದಳು.

"ಟೋಕನ್ ಬೇಡ!" ಎಂದು ಇಡೀ ಮೆರವಣಿಗೆ ಕೂಗಿತು.

"ಬೇಕು ಬೇಕು!"

"ಶೌಚಾಲಯ ಬೇಕು!"

ಅಲ್ಲಿಂದ ಮುಂದೆ ಬೇರೆ ಘೋಷಣೆಯೇ ಇಲ್ಲ. ಮನೆಗಳ ಮಹಡಿಯಿಂದ ಹೆಂಗಸರು ಬಗ್ಗಿ ನೋಡಿದರು. ಬಸ್ ಸ್ಟಾಪಿನಲ್ಲಿ ಹೂ ಕಟ್ಟುತ್ತಿದ್ದವಳೊಬ್ಬಳು, "ನಮ್ಗೂ ಸೇರ್ಸಿ ಕೂಗಮ್ಮಾ, ಈ ಮಾರ್ಕೆಟ್ಟಲ್ಲೂ ಇಲ್ಲ!" ಎಂದು ಎದ್ದು ನಿಂತಳು. ಮುಂದೆ ನಡೆಯುತ್ತಿದ್ದ ಮೇಡಂ ತಿರುಗಿ ನೋಡಿದರು. ಅವರಿಗೆ ಕಂಡಿದ್ದು ಅವರದೇ ಸಾಲು, ಕೇಳಿಸುತ್ತಿದ್ದದ್ದು ಬೇರೆ. ಬ್ಯಾನರಿನ ಅಡಿಯಿಂದ ಬಗ್ಗಿ ಹಿಂದಕ್ಕೆ ಬಂದರು, ತಲೆ ಎತ್ತಿ ಓದಿದರು.

"ಇದು ಒಪ್ಪಂದ ಅಲ್ಲ. ಘೋಷಣೆ ಯಾವುದು ಅಂತ ತೀರ್ಮಾನ ಆಗಿತ್ತು" ಅಂದರು ನನ್ನ ಹೆಂಡತಿಗೆ, ನಡೆಯುತ್ತಲೇ.

"ನಾನು ಕೂಗ್ಸಿಲ್ಲ ಮೇಡಂ. ಬರೆದಿರೋದನ್ನ ಓದ್ತಾ ಇದ್ದಾರೆ."

"ಪೇಪರಲ್ಲಿ ನಾಳೆ ಇದೇ ಬರುತ್ತೆ. ಮೀಸಲಾತಿ ಮುಳುಗಿಹೋಯ್ತು."

"ಮುಳುಗಿಲ್ಲ. ಕೆಳಗೆ ನೋಡಿ, ನಿಮ್ಮದೂ ಇದೆ."

ಮೇಡಂ ನೋಡಿದರು. ಗೇಣುದ್ದದ ಅಕ್ಷರದಲ್ಲಿ ಅವರ ಸಾಲು ಅಲ್ಲಿತ್ತು. "ಎಷ್ಟು ಸಣ್ಣದಾಗಿ ಬರೆದಿದ್ದೀರಿ ಪೇಂಟರ್!" ಎಂದು ಸಿಟ್ಟು ನನ್ನ ಮೇಲೆ ತಿರುಗಿತು. ಖಾಲಾ ನಡುವೆ ಬಾಯಿ ಹಾಕಿದರು: "ನಂದು ಎರಡೂ ಕಡೆ ಎರಡನೇದೇ. ನಾನು ಯಾರ ಹತ್ರ ಜಗಳ ಆಡ್ಲಿ, ಹೇಳಿ?"

ಬಸ್ ನಿಲ್ದಾಣದ ಹತ್ತಿರ ಭಾಷಣ. ಮೇಡಂ ಮೈಕು ಹಿಡಿದು, ಜನ ಕೂಗುತ್ತಿದ್ದುದನ್ನು ಅಲ್ಲಗಳೆಯದೆ, ಆದರೆ ತಮ್ಮ ಮಾತನ್ನೂ ಬಿಡದೆ ಹೇಳಿದರು: "ಶೌಚಾಲಯ ಬೇಕು, ನಿಜ. ಕೊಡುವ ಅಧಿಕಾರ ಯಾರ ಕೈಯಲ್ಲಿದೆ? ಮೊದಲು ಅದನ್ನು ಕೇಳಿ." ಚಪ್ಪಾಳೆ ಬಿತ್ತು. ಬ್ಯಾಚಿನವರು ನನ್ನ ಹೆಂಡತಿಯನ್ನು ಮುಂದಕ್ಕೆ ತಳ್ಳಿದರು. ಅವಳು ಅದುವರೆಗೆ ಮೈಕು ಮುಟ್ಟಿದವಳಲ್ಲ. ಅದನ್ನು ಬಾಯಿಗೆ ತೀರ ಹತ್ತಿರ ಹಿಡಿದಳು. ಮೊದಲು ಕೇಳಿಸಿದ್ದು ಅವಳ ಉಸಿರು.

"ಮೇಡಂ ಹೇಳಿದ್ದು ಸರಿ. ವಿಧಾನಸೌಧದಲ್ಲಿ ನಮ್ಮ ಹೆಂಗಸರು ಕೂತ್ಕೋಬೇಕು. ಕೂತವರಿಗೆ ಮಧ್ಯಾಹ್ನ ಆದ್ಮೇಲೆ ಏಳ್ಬೇಕು ಅನ್ಸುತ್ತಲ್ಲ, ಅಲ್ಲಿ ಟೋಕನ್ ಕೊಡ್ತಾರಾ? ಎಷ್ಟು ಜನಕ್ಕೆ ಒಂದು?"

ಶಿವಾಜಿನಗರದ ಬಸ್ ನಿಲ್ದಾಣ ನಕ್ಕಿತು. ಕಂಡಕ್ಟರುಗಳು ಸೀಟಿ ಊದಿದರು. ಮೇಡಂ ಕೂಡ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟರು. ನಾನು ಒಂದು ಹಣ್ಣಿನ ಗಾಡಿಯ ಪಕ್ಕ ನಿಂತಿದ್ದೆ. ಗಾಡಿಯವನು ಮೆಚ್ಚಿಕೊಂಡು ಯಾರಿಗೋ ಹೇಳಿದ, "ಕ್ಯಾ ಬೋಲಿ ರೇ!" ಅವಳು ನನ್ನ ಹೆಂಡತಿ ಎಂದು ಅವನ ಭುಜ ಹಿಡಿದು ಹೇಳಿದೆ. ಅವನು ನನಗೊಂದು ಸೀಬೆಹಣ್ಣು ಕೊಟ್ಟ.

ಮಾರನೆಯ ದಿನ ಪತ್ರಿಕೆಯಲ್ಲಿ ಬಂದದ್ದು ಮುಂಬದಿಯ ಫೋಟೊ. ಮೇಡಂ, ಮುಖಂಡರು, ಮೀಸಲಾತಿಯ ಸಾಲು. ಟೋಕನ್ನಿನ ಮಾತೇ ಇರಲಿಲ್ಲ. ಮೇಡಂ ಹೆದರಿದ್ದು ಸುಳ್ಳಾಯಿತು. ತಂದು ಅವಳ ಮುಂದೆ ಒಗೆದೆ. ಅವಳು ಪತ್ರಿಕೆಯನ್ನು ನೋಡಿ ಮಡಿಚಿಟ್ಟು ಬಸ್ಸಿಗೆ ಹೋದಳು. ಅವತ್ತು ಸಾಯಂಕಾಲ ಮನೆಗೆ ಬಂದವಳು ಬ್ಯಾಗಿನಿಂದ ಊಟದ ಡಬ್ಬಿ ತೆಗೆದು, ಅದರೊಳಗಿಂದ ಮರದ ಬಿಲ್ಲೆಯನ್ನು ತೆಗೆದು ನನ್ನ ಮುಂದಿಟ್ಟಳು. ಟೋಕನ್.

ಮಧ್ಯಾಹ್ನವೇ ಸೂಪರ್‌ವೈಸರ್ ಕೂಗಾಡಿದನಂತೆ, "ಟೋಕನ್ ಯಾರ್ರೀ ತಗೊಂಡಿದ್ದು?" ಎಂದು. ಕತ್ತರಿಯವಳು ಮಷೀನಿನಿಂದ ತಲೆ ಎತ್ತದೆ, "ಬಾತ್‌ರೂಮಲ್ಲಿ ಬಿದ್ದೋಯ್ತೇನೋ ಸಾರ್, ಒಳಗೆ ಹೋಗಿ ಹುಡುಕ್ಕೊಳ್ಳಿ" ಅಂದಳಂತೆ. ನಲವತ್ತು ಹೆಂಗಸರಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ಟೋಕನ್ ಇಲ್ಲವಾದ ಮೇಲೆ ಅದನ್ನು ಕೇಳಿ ಹೋಗುವುದೆಲ್ಲಿ? ಬೇಕಾದಾಗ ಎದ್ದು ಹೋದರು. ಹೊಸ ಬಿಲ್ಲೆ ಮಾಡಿಸಿ ನೇತುಹಾಕಿದರು, ಅದೂ ಕಾಣೆಯಾಯಿತು. ಪಕ್ಕದ ಬ್ಯಾಚುಗಳಲ್ಲೂ ಕಾಣೆಯಾಗತೊಡಗಿತು. ಇಬ್ಬರನ್ನು ಕೆಲಸದಿಂದ ತೆಗೆಯುತ್ತೇವೆ ಎಂದು ಆಫೀಸಿನವರು ಹೆದರಿಸಿದಾಗ ಫ್ಯಾಕ್ಟರಿ ಗೇಟಿಗೆ ಬಂದವರು ಅದೇ ಲೆಕ್ಚರರ್ ಮೇಡಂ, ಜೊತೆಗೆ ಕಾಲೇಜು ಹುಡುಗಿಯರು, ಖಾಲಾ. ನಮ್ಮ ಬ್ಯಾನರನ್ನೇ ತಂದಿದ್ದರು. ಗೇಟಿನ ಕಡೆಗೆ ತಿರುಗಿಸಿ ಹಿಡಿದಿದ್ದು ಬೆನ್ನನ್ನು. ನಾನು ಹೇಳಿಕೊಟ್ಟಿರಲಿಲ್ಲ, ಹೆಂಡತಿಯೂ ಹೇಳಿರಲಿಲ್ಲ. ಮೇಡಮ್ಮೇ ತಿರುಗಿಸಿದ್ದು. ಯಾರನ್ನೂ ತೆಗೆಯಲಿಲ್ಲ. ಆ ಫ್ಯಾಕ್ಟರಿಯ ಮೊಳೆಗಳಲ್ಲಿ ಆಮೇಲೆ ಟೋಕನ್ ನೇತಾಡಲಿಲ್ಲ.

ಮೀಟಿಂಗಿನಲ್ಲಿ ಮೇಡಂ ಹೇಳಿದ್ದೂ ಸುಳ್ಳಾಗಲಿಲ್ಲ. ಎರಡು ಸಾವಿರದ ಇಸವಿಯ ನಂತರ ಆ ಘಟಕ ಮುಚ್ಚಿ, ಹೆಂಡತಿ ಸಿ.ವಿ. ರಾಮನ್ ನಗರದ ಹತ್ತಿರದ ಇನ್ನೊಂದಕ್ಕೆ ಸೇರಿದಾಗ ಅಲ್ಲಿ ಟೋಕನ್ ಬದಲು ಪುಸ್ತಕ. ಹೋದ ಹೊತ್ತು, ಬಂದ ಹೊತ್ತು ಬರೆದು ಸಹಿ ಹಾಕಬೇಕು. ಮತ್ತೆ ಮೊದಲಿನಿಂದ ಶುರು. ಅಷ್ಟು ಹೊತ್ತಿಗೆ ಅವಳಿಗೆ ಹೇಗೆ ಶುರು ಮಾಡಬೇಕೆಂದು ಗೊತ್ತಿತ್ತು. ಯಾವುದು ಮೊದಲು ಎಂದು ಅವಳೂ ಮೇಡಮ್ಮೂ ಆಮೇಲೂ ಎಷ್ಟೋ ಸಲ ವೇದಿಕೆಯ ಮೇಲೇ ಜಗಳವಾಡಿದರು. ಜಗಳ ಮುಗಿದ ಮೇಲೆ ಒಟ್ಟಿಗೆ ಟೀ ಕುಡಿಯಲು ನನ್ನ ಅಂಗಡಿಗೆ ಬರುತ್ತಿದ್ದರು.

ನನ್ನ ಕಸುಬಿಗೆ ಫ್ಲೆಕ್ಸ್ ಬಂತು. ಈಗ ಬಟ್ಟೆ ಬರೆಸುವವರಿಲ್ಲ. ಆ ಬ್ಯಾನರ್ ಟ್ರಂಕಿನಲ್ಲಿದೆ, ಕೆಂಪು ಇನ್ನೂ ಮಾಸಿಲ್ಲ, ಕಾಜಾ ಒಂದೂ ಬಿಚ್ಚಿಲ್ಲ. ಟೋಕನ್ ಮಾತ್ರ ಅವಳ ಹೊಲಿಗೆ ಮಷೀನಿನ ಕುಂಟು ಕಾಲಿನ ಅಡಿಗೆ ಹೋಗಿದೆ. ಒಂದು ದಿನ ಅದನ್ನು ತೆಗೆದು, ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತೇನೆಂದೆ.

"ಅದನ್ನ ತೆಗೆದ್ರೆ ಮಷೀನ್ ಅಲ್ಲಾಡುತ್ತೆ ರೀ. ಅದು ನೆಲದಲ್ಲೇ ಇರ್ಲಿ" ಅಂದಳು. ಪೆಡಲ್ ನಿಲ್ಲಿಸಿ, ಪಕ್ಕದಲ್ಲಿದ್ದ ಚೊಂಬೆತ್ತಿ ಕೆಳಗಿಡದೆ ಪೂರ್ತಿ ನೀರು ಕುಡಿದಳು.